ಸಿಲ್ವರ್ ಐಸ್ ತಟ್ಟೆ

ರಾಮನವಮಿಯ ಸಂಜೆ ಪಾನಕಕ್ಕೆ ಐಸು ಹಾಕೋಣವೆಂದು ಫ್ರೀಜರಿನಿಂದ ಪ್ಲಾಸ್ಟಿಕ್ ಟ್ರೇ ತೆಗೆದೆ. ಎರಡೂ ತುದಿ ಹಿಡಿದು, ಒದ್ದೆ ಟವೆಲು ಹಿಂಡುವ ಹಾಗೆ ತಿರುಚಿದೆ. ಟ್ರೇ ಲಟಕ್ಕೆಂದು ಮುರಿಯಿತು. ಐಸು ಕೂತಲ್ಲೇ ಕೂತಿತ್ತು. ಮುರಿದ ಅಂಚಿನಿಂದ ಉಗುರಿನಷ್ಟು ಚೂರೊಂದು ಸಿಡಿದು ಪಾನಕದ ಕೊಳಗಕ್ಕೆ ಬಿತ್ತು. ಬೆಲ್ಲದ ನೀರಲ್ಲಿ ಅದು ಕಣ್ಣಿಗೆ ಬೀಳಬೇಕಲ್ಲ! ಹೊರಗೆ ಜಗುಲಿಯ ಮೇಲೆ ಭಜನೆ ಮುಗಿಸಿದ ಹದಿನೈದಿಪ್ಪತ್ತು ಜನ ಲೋಟಕ್ಕೆ ಕಾದು ಕೂತಿದ್ದರು, ಮಕ್ಕಳು ಮರಿ ಬೇರೆ. ಯಾರ ಗಂಟಲಿಗಾದರೂ ಹೋದರೆ ಏನು ಗತಿ ಎಂದು ನನ್ನ ಹೆಂಡತಿ ಇಡೀ ಕೊಳಗವನ್ನು ಪಂಚೆಯಲ್ಲಿ ಸೋಸಿದಳು. ಚೂರು ಸಿಕ್ಕಿತು. ಅದರ ಜೊತೆಗೆ ಕುಟ್ಟಿ ಹಾಕಿದ್ದ ಮೆಣಸು, ಏಲಕ್ಕಿ, ಶುಂಠಿಯೆಲ್ಲ ಬಟ್ಟೆಯಲ್ಲೇ ಉಳಿದವು. ಬಾಯಿಗೆ ಸಿಗಬೇಕಾದ ಮೆಣಸಿನ ತರಿಯೂ ಇಲ್ಲ, ತಂಪೂ ಇಲ್ಲ. ವರ್ಷಕ್ಕೊಮ್ಮೆ ಮಾಡುವ ಪಾನಕ ಹಾಗೆ ಆಯಿತಲ್ಲ ಎಂದು ನನಗೆ ರಾತ್ರಿಯೆಲ್ಲ ಸಂಕಟ.

"ಅತ್ತೆಮ್ಮನ ಸಿಲ್ವರ್ ತಟ್ಟೆ ಇದ್ದಿದ್ರೆ ಇಷ್ಟು ಪಾಡು ಪಡೋ ಹಂಗೇ ಇರ್ಲಿಲ್ಲ ಕಣ್ರೀ," ಅಂದಳು ಹೆಂಡತಿ, ಪಂಚೆ ಹಿಂಡುತ್ತಾ.

ಸಿಲ್ವರ್ ಎಂದರೆ ನಮ್ಮ ಕಡೆ ಅಲ್ಯೂಮಿನಿಯಂ. ಬೆಳ್ಳಿಗೆ ಬೆಳ್ಳಿ ಅಂತಲೇ ಹೆಸರಿದೆ, ಅದು ಪೆಟ್ಟಿಗೆಯೊಳಗಿರುತ್ತದೆ. ಸಿಲ್ವರ್ ಒಲೆಯ ಮೇಲೆ ಇರುತ್ತದೆ. ಸಿಲ್ವರ್ ತಪ್ಪಲೆ, ಸಿಲ್ವರ್ ಡಬರಿ, ಮುದ್ದೆಗೆ ಎಸರಿಡುವ ಸಿಲ್ವರ್ ಪಾತ್ರೆ. ಆ ಸಾಲಿಗೇ ಸೇರಿದ್ದು ಅವ್ವನ ಐಸ್ ತಟ್ಟೆ.

ಗೋದ್ರೇಜ್ ಕಂಪನಿ 1958ರಲ್ಲೇ ನಮ್ಮ ದೇಶದಲ್ಲಿ ಫ್ರಿಜ್ ಮಾಡಲು ಶುರುಮಾಡಿತ್ತು. ನಮ್ಮ ಬಾಗೂರಿನ ಮನೆಗೆ ಫ್ರಿಜ್ಜು ಬರಲು ಇನ್ನೂ ಇಪ್ಪತ್ತಾರು ವರ್ಷ ಹಿಡಿಯಿತು. 1984ರಲ್ಲಿ, ಹಾಸನದಿಂದ ವರ್ಗವಾಗಿ ಹೊರಟಿದ್ದ ಅಧಿಕಾರಿಯೊಬ್ಬರ ಮನೆಯ ಫ್ರಿಜ್ಜನ್ನು ಅಪ್ಪ ಕೊಂಡರು. ತೆಂಗಿನಕಾಯಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ, ಮಟ್ಟೆಯ ಮೇಲೆ ನಿಲ್ಲಿಸಿಕೊಂಡು, ಅಪ್ಪ ಅದನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಂದರು. ಅಡುಗೆಮನೆಯ ಹೊಗೆ ತಾಗಬಾರದೆಂದು ಅದು ನಡುಮನೆಯಲ್ಲೇ ನಿಂತಿತು. ತಲೆಯ ಮೇಲೆ ಅತ್ತಿಗೆ ಹಾಕಿದ ಕ್ರೋಶಾ ಹೊದಿಕೆ. ಬಾಗಿಲಿಗೆ ಬೀಗವಿತ್ತು, ಬೀಗದ ಕೈ ಅವ್ವನ ಸೆರಗಿನ ಗಂಟಿನಲ್ಲಿತ್ತು.

ಒಳಗಿನ ತಟ್ಟೆ ಒಂದು ಗೇಣಿಗಿಂತ ಸ್ವಲ್ಪ ಉದ್ದ. ಅದರೊಳಗೆ ಬಾಚಣಿಗೆಯ ಹಲ್ಲಿನಂಥ ಅಡ್ಡಪಟ್ಟಿಗಳ ಜೋಡಣೆ: ಸಾಲಿಗೆ ಏಳರಂತೆ ಎರಡು ಸಾಲು, ಒಟ್ಟು ಹದಿನಾಲ್ಕು ಮನೆ. ಮೇಲೊಂದು ಹಿಡಿ. ಅವ್ವ ಅದನ್ನು ಚಿಲಕ ಅನ್ನುತ್ತಿದ್ದಳು. ಎಡಗೈಯಲ್ಲಿ ತಟ್ಟೆಯನ್ನು ಒತ್ತಿ ಹಿಡಿದು ಬಲಗೈಯಲ್ಲಿ ಚಿಲಕ ಎತ್ತಿದರೆ, ಪಟ್ಟಿಗಳು ಒಂದರ ಹಿಂದೊಂದು ವಾಲಿ, ಕಟಕಟಕಟ ಎಂದು ಹದಿನಾಲ್ಕೂ ಗಡ್ಡೆ ಬುಡ ಬಿಡುತ್ತಿದ್ದವು. ಆ ಶಬ್ದಕ್ಕೆ ಹಿತ್ತಲಲ್ಲಿ ಆಡುತ್ತಿದ್ದ ಮಕ್ಕಳೆಲ್ಲ ಓಡಿ ಬರುತ್ತಿದ್ದೆವು. ನೀರು ಐಸಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಹಿಗ್ಗಿ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ಆ ಪಟ್ಟನ್ನು ಬಿಡಿಸಲು ಬೇಕಾದ ಬಲವನ್ನು ಈ ಚಿಲಕ ಎರಡು ಬೆರಳಿಗೆ ತಂದುಕೊಟ್ಟಿತ್ತು. ಯಾರೋ ಕೂತು, ಐಸು ಹೇಗೆ ಅಂಟುತ್ತದೆ, ಹೆಂಗಸರ ಕೈ ಹೇಗೆ ಎಳೆಯುತ್ತದೆ ಎಂದೆಲ್ಲ ಯೋಚಿಸಿ ಮಾಡಿದ ವಸ್ತು ಅದು.

ಮನೆಗೆ ಬಂದ ಯಾವ ಪಾತ್ರೆಗಾದರೂ ಹೆಸರು ಹೊಡೆಸದೆ ಅವ್ವ ಒಳಗೆ ಬಿಟ್ಟುಕೊಂಡವಳಲ್ಲ. ಕಲಾಯಿಯವರು ಬರುವ ಹಾಗೆ ಹೆಸರು ಹೊಡೆಯುವವನೂ ಬೀದಿಯಲ್ಲಿ ಕೂಗಿಕೊಂಡು ಬರುತ್ತಿದ್ದ. ಸಣ್ಣ ಉಳಿ, ಸಣ್ಣ ಸುತ್ತಿಗೆ, ಅಕ್ಷರದ ಲೆಕ್ಕದಲ್ಲಿ ದುಡ್ಡು. ಕರೆಂಟಿನ ಮಿಷನ್ನು ಆಮೇಲೆ ಬಂತು. ಅದು ಗೀರು ಎಳೆಯುತ್ತದೆ. ಇವನು ಚುಕ್ಕಿ ಚುಕ್ಕಿ ಹೊಡೆಯುತ್ತಿದ್ದ, ರಂಗೋಲಿ ಇಟ್ಟ ಹಾಗೆ. ನಮ್ಮ ತಾಲ್ಲೂಕಿನ ಶ್ರವಣಬೆಳಗೊಳ ಹಿಂದೆ ಹಿತ್ತಾಳೆ ಪಾತ್ರೆಗೆ ಹೆಸರಾಗಿತ್ತು. 1981ರಲ್ಲಿ ಗೊಮ್ಮಟನಿಗೆ ಸಾವಿರ ವರ್ಷ ತುಂಬಿ ಮಹಾಮಸ್ತಕಾಭಿಷೇಕ ನಡೆದಾಗ ಅಪ್ಪ ಅಲ್ಲಿಂದ ಒಂದು ಹಿತ್ತಾಳೆ ಚೊಂಬು ತಂದಿದ್ದರು. ಅದಕ್ಕೂ ಹೆಸರು ಬಿತ್ತು. ಹೆಸರೆಂದರೆ ಅವ್ವನದಲ್ಲ, ಅಪ್ಪನದೂ ಅಲ್ಲ. 'ಬಾಗೂರು' ಎಂದಷ್ಟೇ.

ನಮ್ಮ ಪಾತ್ರೆಗಳು ಮದುವೆಗೆ, ತಿಥಿಗೆ, ಹರಸೇವೆಗೆ ಊರೂರು ತಿರುಗುತ್ತಿದ್ದವು. ನುಗ್ಗೇಹಳ್ಳಿಯ ಮದುವೆಮನೆಯಲ್ಲಿ ಐವತ್ತು ಕೊಳಗಗಳ ನಡುವೆ ನಮ್ಮದನ್ನು ಗುರುತು ಹಿಡಿಯಲು ಊರಿನ ಹೆಸರೇ ಸಾಕು ಎಂದು ಅವ್ವನ ಲೆಕ್ಕ. ಹೊಸದುರ್ಗದ ಕಡೆಯೂ ಒಂದು ಬಾಗೂರಿದೆ. ಅಷ್ಟು ದೂರ ನಮ್ಮ ಕೊಳಗ ಹೋಗುವುದಿಲ್ಲ. ಆಚೆ ಸೀಮೆಯವರಿಗೆ ಹೇಳುವಾಗ ನಾವೇ 'ಸುರಂಗದ ಬಾಗೂರು' ಅನ್ನುತ್ತೇವೆ. ಗೊರೂರಿನಲ್ಲಿ ತಡೆದ ಹೇಮಾವತಿಯ ನೀರು ನಾಲೆಯಲ್ಲಿ ಬಂದು, ಬಾಗೂರು ನವಿಲೆ ನಡುವೆ ಸುಮಾರು 10 ಕಿ.ಮೀ. ನೆಲದಡಿಯ ಕತ್ತಲಲ್ಲಿ ಹರಿದು ತುಮಕೂರಿನ ಕಡೆ ಹೋಗುತ್ತದೆ. ಚಿಕ್ಕಂದಿನಲ್ಲಿ ರಾತ್ರಿ ಮಲಗಿ ನೆಲಕ್ಕೆ ಕಿವಿಯಿಟ್ಟು ಆ ನೀರಿನ ಸದ್ದು ಕೇಳಿಸೀತೇ ಎಂದು ಎಷ್ಟೋ ಹೊತ್ತು ಕಾದಿದ್ದೇನೆ. ಕೇಳಿಸುತ್ತಿದ್ದದ್ದು ಫ್ರಿಜ್ಜಿನ ಸದ್ದು.

ಐಸ್ ತಟ್ಟೆ ಮದುವೆಗೆ ಹೋಗುವ ಪಾತ್ರೆಯಲ್ಲ. ಆದರೂ ಅವ್ವ ಅದನ್ನು ಹೆಸರು ಹೊಡೆಯುವವನ ಮುಂದಿಟ್ಟಳು. ಅಂಚು ಕಿರಿದು, ಉಳಿ ನಿಲ್ಲುವುದಿಲ್ಲ ಎಂದು ಅವನು ತಟ್ಟೆ ಬೋರಲು ಹಾಕಿ ತಳಕ್ಕೇ ಹೊಡೆದ. ತೆಳು ಸಿಲ್ವರ್, ಪ್ರತಿ ಚುಕ್ಕಿಯೂ ಒಳಗಡೆ ಸಾಸಿವೆಯಷ್ಟು ಉಬ್ಬಿತು. ಅಯ್ಯೋ, ತಟ್ಟೆ ಹಾಳಾಯಿತೆಂದು ಅಪ್ಪ ಗೊಣಗಿದರು. ಮಾರನೆಯ ದಿನ ಐಸು ತೆಗೆದಾಗ ನೋಡುತ್ತೇವೆ, ಗಡ್ಡೆಗಳ ಬುಡದಲ್ಲಿ ಗುಳಿ ಗುಳಿಯಾಗಿ ಅಕ್ಷರ ಮೂಡಿದೆ! ಒಳಗಿನಿಂದ ನೋಡಿದರೆ ತಿರುಗುಮುರುಗಾಗಿ ಕಾಣುವ ಬರಹ, ಐಸಿನ ಬುಡದಲ್ಲಿ ನೆಟ್ಟಗೆ ಓದಲು ಬರುತ್ತಿತ್ತು. ಹೊಡೆದವನು ಮನೆಗಳ ಅಳತೆ ನೋಡಿರಲಿಲ್ಲವಲ್ಲ, ಹಾಗಾಗಿ 'ಬಾ' ಒಂದು ಗಡ್ಡೆಗೆ ಪೂರ್ತಿ ಸಿಕ್ಕಿತು, 'ರು' ಒಂದು ಗಡ್ಡೆಯ ಮೂಲೆಗೆ ಸೇರಿತು, ನಡುವಿನ 'ಗೂ' ಮಾತ್ರ ಪಟ್ಟಿಯ ಕೆಳಗೆ ಸಿಕ್ಕಿ ಎರಡು ಹೋಳಾಯಿತು. ತಲೆ ಒಂದರಲ್ಲಿ, ಬಾಲ ಇನ್ನೊಂದರಲ್ಲಿ. ಹದಿನಾಲ್ಕರಲ್ಲಿ ನಾಲ್ಕಕ್ಕೆ ಮಾತ್ರ ಅಕ್ಷರ. 'ಬಾ' ಸಿಕ್ಕವರು ಅವತ್ತಿನ ರಾಜ. 'ಗೂ'ನ ಹೋಳು ಯಾರಿಗೂ ಬೇಡವಾಗಿತ್ತು.

ಒಂದು ಮಧ್ಯಾಹ್ನ ಅವ್ವ ಮಲಗಿದ್ದಾಗ, ಸೆರಗಿನ ಗಂಟು ಬಿಚ್ಚಿ, ಬಚ್ಚಲಿಂದ ಬಂದ ಒದ್ದೆ ಕೈಯಲ್ಲೇ ತಟ್ಟೆಗೆ ಕೈ ಹಾಕಿದೆ. ಬೆರಳು ನಾಲ್ಕೂ ಅಂಟಿಕೊಂಡವು. ಎಳೆದರೆ ಚರ್ಮವೇ ಬರುತ್ತದೆ ಅನ್ನಿಸಿ ಕಿರುಚಿದೆ. ಅವ್ವ ಎದ್ದು ಬಂದವಳು ಬೈಯಲಿಲ್ಲ. ನನ್ನ ಮಣಿಕಟ್ಟು ಹಿಡಿದು, "ಎಳೀಬ್ಯಾಡ ಕಣಪ್ಪ, ಅದೇ ಬಿಡ್ತದೆ ತಡಿ," ಎಂದು ಬೆಳಗೊಳದ ಚೊಂಬಿನಿಂದ ತಣ್ಣೀರನ್ನು ಬೆರಳ ಸಂದಿಗೆ ಸಣ್ಣಗೆ ಹುಯ್ದಳು. ಅಂಟಿದ ಚರ್ಮ ಒಂದೊಂದೇ ಬೆರಳಾಗಿ ಸಡಿಲವಾದದ್ದು ಈಗಲೂ ಬೆರಳ ತುದಿಯಲ್ಲಿದೆ. ಪ್ಲಾಸ್ಟಿಕ್ ಟ್ರೇಗೆ ಹಾಗೆ ಕೈ ಅಂಟುವುದಿಲ್ಲ. ಅದು ಶಾಖವನ್ನು ಆ ಕಡೆಯಿಂದ ಈ ಕಡೆಗೆ ಬಿಡುವುದೇ ಇಲ್ಲವೆನ್ನುವಷ್ಟು ನಿಧಾನ. ಅಲ್ಯೂಮಿನಿಯಂ ಪ್ಲಾಸ್ಟಿಕ್ಕಿಗಿಂತ ಸಾವಿರ ಪಟ್ಟಿಗೂ ಮೀರಿ ಚುರುಕಾಗಿ ಶಾಖ ಸಾಗಿಸುತ್ತದೆ. ಬೆರಳಿನ ತೇವದಿಂದ ಎಷ್ಟು ಬೇಗ ಶಾಖ ಕಸಿಯಿತೆಂದರೆ ಆ ತೇವವೇ ಐಸಾಯಿತು. ಅವ್ವ ಹುಯ್ದ ನೀರಿನ ಶಾಖವನ್ನೂ ಅಷ್ಟೇ ಬೇಗ ಒಪ್ಪಿಸಿತು. ಸಿಲ್ವರ್ ತಟ್ಟೆಯ ತಳವನ್ನು ಒಂದು ಗಳಿಗೆ ನಲ್ಲಿಗೆ ಹಿಡಿದರೆ ಐಸು ಜಾರುವುದೂ ಇದೇ ಕಾರಣಕ್ಕೆ.

ಹಾಗೆಂದು ಐಸು ಸಾವಿರ ಪಟ್ಟು ಬೇಗ ಆಗುವುದಿಲ್ಲ. ಸೊನ್ನೆ ಡಿಗ್ರಿಗೆ ಇಳಿದ ನೀರು ಐಸಾಗಬೇಕಾದರೆ ಮತ್ತೆ ಅಷ್ಟು ಶಾಖ ಬಿಡಬೇಕು: ಅದೇ ನೀರನ್ನು 80 ಡಿಗ್ರಿಯಿಂದ ಸೊನ್ನೆಗೆ ತರಲು ಎಷ್ಟು ತೆಗೆಯಬೇಕೋ ಅಷ್ಟು. ಅದನ್ನೆಲ್ಲ ಫ್ರೀಜರು ಎಳೆದುಕೊಳ್ಳಬೇಕಲ್ಲ. ಆದರೆ ಕರೆಂಟು ಹೋಗಿ ಬಂದು ಮಾಡುವ ಊರಿನಲ್ಲಿ ಗಂಟೆ, ಅರ್ಧ ಗಂಟೆಯ ಉಳಿತಾಯವೂ ದೊಡ್ಡದು. ಬೇಸಿಗೆಯಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಯಾವಾಗ ಬರುತ್ತದೆ ಎಂದು ಅಪ್ಪ ಕಾಯುತ್ತಿದ್ದರೆ, ಅವ್ವ ಐಸಿಗೆ ಕಾಯುತ್ತಿದ್ದಳು. ಫ್ರೀಜರಿನ ನೆಲದ ಮೇಲೆ ಒಂದು ಹಿಡಿ ನೀರು ಚಿಮುಕಿಸಿ ಅದರ ಮೇಲೆ ತಟ್ಟೆ ಇಡುತ್ತಿದ್ದಳು. ನಡುವೆ ಗಾಳಿಯ ಸಂದಿಲ್ಲದೆ ಲೋಹಕ್ಕೆ ಲೋಹ ಕೂಡಿ ಬೇಗ ಕಟ್ಟುತ್ತಿತ್ತು. ಹಾಗೆ ಇಟ್ಟ ತಟ್ಟೆ ನೆಲಕ್ಕೇ ಕಚ್ಚಿಕೊಳ್ಳುತ್ತಿತ್ತು ಅನ್ನುವುದೂ ನಿಜ. ಆಗ ಚಾಕು ಮಾತ್ರ ಹಾಕಬಾರದು. ಫ್ರೀಜರಿನ ಗೋಡೆಯೊಳಗೇ ಗ್ಯಾಸಿನ ಕೊಳವೆ ಹರಿದಿರುತ್ತದೆ, ತೂತಾದರೆ ಫ್ರಿಜ್ಜೇ ಹೋಯಿತು. "ಚಾಕು ಹಾಕೀರಾ, ಗ್ಯಾಸ್ ಓಯ್ತದೆ!" ಎಂದು ನಡುಮನೆಯಿಂದ ಅವ್ವ ಕೂಗದ ಬೇಸಿಗೆಯೇ ಇಲ್ಲ. ಮರದ ಸೌಟಿನ ಹಿಡಿಯಲ್ಲಿ ಮೆಲ್ಲಗೆ ತಟ್ಟಿ ಎಬ್ಬಿಸಬೇಕಿತ್ತು.

ಫ್ರಿಜ್ಜು ಬರುವ ಮುಂಚೆ ಐಸೆಂದರೆ ಹೊಟ್ಟು. ಚನ್ನರಾಯಪಟ್ಟಣದಿಂದ ಮದುವೆಗೆ ತರಿಸಿದ ಐಸಿನ ದಿಮ್ಮಿ ಬತ್ತದ ಹೊಟ್ಟಿನಲ್ಲಿ ಹುದುಗಿ, ಗೋಣಿಯಲ್ಲಿ ಸುತ್ತಿಕೊಂಡು ಬಸ್ಸಿನ ಟಾಪಿನ ಮೇಲೆ ತೊಟ್ಟಿಕ್ಕುತ್ತಾ ಬರುತ್ತಿತ್ತು. ಎಷ್ಟು ತೊಳೆದರೂ ಶರಬತ್ತಿನಲ್ಲಿ ಒಂದೆರಡು ಹೊಟ್ಟು ತೇಲುತ್ತಿತ್ತು. ಆ ಹೊಟ್ಟನ್ನು ಯಾರೂ ಸೋಸಲು ಹೋಗಲಿಲ್ಲ. ನಾಲಿಗೆ ತುದಿಗೆ ಬಂದದ್ದನ್ನು ಉಗಿದು ಕುಡಿದೆವು. ಪ್ಲಾಸ್ಟಿಕ್ ಚೂರಿಗೆ ಮಾತ್ರ ಅಷ್ಟು ಭಯವೇಕೆ ಬಂತು ಎಂದು ಯೋಚಿಸಿದ್ದೇನೆ. ಹೊಟ್ಟು ಎಲ್ಲಿಂದ ಬಂತೆಂದು ನಮಗೆ ಗೊತ್ತಿತ್ತು, ಅದು ನಮ್ಮ ಗದ್ದೆಯದೇ.

ಆ ದಿಮ್ಮಿ ಕಟ್ಟುತ್ತಿದ್ದದ್ದೂ ಲೋಹದ ಡಬ್ಬದಲ್ಲಿ. ಐಸ್ ಫ್ಯಾಕ್ಟರಿಯಲ್ಲಿ ಉದ್ದುದ್ದ ತಗಡಿನ ಡಬ್ಬಗಳಿಗೆ ನೀರು ತುಂಬಿ ಕೊರೆಯುವ ಉಪ್ಪುನೀರಿನ ತೊಟ್ಟಿಗೆ ಇಳಿಬಿಡುತ್ತಾರೆ. ಕಟ್ಟಿದ ಮೇಲೆ ಎತ್ತಿ ಒಂದು ಗಳಿಗೆ ಸಾದಾ ನೀರಿಗೆ ಅದ್ದುತ್ತಾರೆ, ದಿಮ್ಮಿ ಜಾರಿ ಬರುತ್ತದೆ. ಸೈಕಲ್ ಮೇಲೆ ಮರದ ಪೆಟ್ಟಿಗೆ ಕಟ್ಟಿಕೊಂಡು, ಮುಚ್ಚಳ ಟಪಟಪ ಬಡಿಯುತ್ತಾ ಬರುತ್ತಿದ್ದವನ ಐಸ್ ಕ್ಯಾಂಡಿಯೂ ತಗಡಿನ ಅಚ್ಚಿನದೇ. ಇನ್ನೂ ಹಿಂದೆ ಹೋದರೆ, ಅಕ್ಬರನ ಮನೆಯಲ್ಲಿ ನೀರು ತಂಪು ಮಾಡುತ್ತಿದ್ದ ಬಗೆಯನ್ನು ಅಬುಲ್ ಫಜಲ್ 'ಐನ್-ಎ-ಅಕ್ಬರಿ'ಯಲ್ಲಿ ಬರೆದಿಟ್ಟಿದ್ದಾನೆ. ಒಂದು ಸೇರು ನೀರನ್ನು ಬೆಳ್ಳಿಯದೋ ತವರದ್ದೋ ಕೂಜೆಗೆ ತುಂಬಿ ಬಾಯಿ ಮುಚ್ಚಿ, ಎರಡೂವರೆ ಸೇರು ಪೆಟ್ಲುಪ್ಪು ಕರಗಿಸಿದ ಐದು ಸೇರು ನೀರಿನಲ್ಲಿ ಕಾಲು ಗಂಟೆ ತಿರುಗಿಸುವುದು. ಕೋವಿಮದ್ದಿಗೆ ಹೋಗುವ ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಶಾಖ ಹೀರುತ್ತದೆ. ಆ ತಂಪು ಒಳಗಿನ ನೀರಿಗೆ ಮುಟ್ಟಬೇಕಾದರೆ ಕೂಜೆ ಲೋಹದ್ದೇ ಆಗಬೇಕಿತ್ತು. ಮಣ್ಣಿನ ಹೂಜಿಯ ದಾರಿ ಬೇರೆ: ಅದು ತಾನು ಬೆವರಿ ನೀರನ್ನು ತಣಿಸುತ್ತದೆ. ನಮ್ಮ ಮನೆಯಲ್ಲಿ ಕುಡಿಯುವ ನೀರಿಗೆ ಈಗಲೂ ಹೂಜಿಯೇ.

1833ರಲ್ಲಿ ಬೋಸ್ಟನ್ನಿನ ಕೆರೆಗಳ ಐಸನ್ನು 'ಟಸ್ಕನಿ' ಎಂಬ ಹಡಗು ಕಲ್ಕತ್ತಕ್ಕೆ ತಂದಿತು. ಹೊರಟಾಗ 180 ಟನ್, ಮುಟ್ಟಿದಾಗ ಸುಮಾರು 100 ಟನ್. ಮದರಾಸಿನ ಕಡಲ ದಂಡೆಯಲ್ಲಿ 1842ರಲ್ಲಿ ಅದಕ್ಕೆಂದೇ ಐಸ್ ಹೌಸ್ ಕಟ್ಟಿದರು. 1897ರಲ್ಲಿ ವಿವೇಕಾನಂದರು ಇಳಿದುಕೊಂಡ ಮನೆ ಅದೇ. ನಾಲ್ಕು ತಿಂಗಳು ಕಡಲಲ್ಲಿ ಕರಗುತ್ತಾ ಬಂದ ಐಸು ಜನರಿಗೆ ಎಷ್ಟು ದೊಡ್ಡ ಸಂಗತಿಯಾಗಿರಬೇಕು! ಬಸ್ಸಿನ ಟಾಪಿನಿಂದ ನಮ್ಮ ದಿಮ್ಮಿ ಇಳಿಯುವಾಗ ಕೆಳಗೆ ನಿಂತು, ತೊಟ್ಟಿಕ್ಕುವ ನೀರಿಗೆ ಬಾಯೊಡ್ಡಿದ ನನಗೆ ಅದು ಗೊತ್ತು.

ಪಾನಕ ಕೆಟ್ಟ ಮಾರನೆಯ ದಿನವೇ ಚನ್ನರಾಯಪಟ್ಟಣದ ಪಾತ್ರೆ ಅಂಗಡಿಗಳನ್ನು ತಿರುಗಿದೆ. "ಐಸ್ ಟ್ರೇನಾ? ಫ್ರಿಜ್ ಜೊತೇಲೇ ಬರ್ತದಲ್ಲ ಸಾರ್," ಅಂದ ಒಬ್ಬ. ಇನ್ನೊಬ್ಬ ಸಿಲಿಕೋನಿನದು ತೋರಿಸಿದ, ಮೆತ್ತಗೆ, ಬಣ್ಣಬಣ್ಣದ್ದು. ನೀರು ತುಂಬಿ ಎತ್ತಿದರೆ ನಡು ಬಾಗಿ ಅರ್ಧ ನೀರು ನೆಲಕ್ಕೆ. ಬೆಂಗಳೂರಿನ ಅಣ್ಣನ ಮಗ ಸ್ಟೀಲಿನದು ತರಿಸಿಕೊಡುತ್ತೇನೆ ಎಂದ, ತರಿಸಿಯೂ ಕೊಟ್ಟ. ಗಟ್ಟಿಯಾಗಿದೆ, ಚಿಲಕವೂ ಇದೆ. ಶಾಖ ಸಾಗಿಸುವುದರಲ್ಲಿ ಅಲ್ಯೂಮಿನಿಯಂ ಸ್ಟೀಲಿಗಿಂತ ಸುಮಾರು 15 ಪಟ್ಟು ಮುಂದೆ, ನಿಜ; ಪ್ಲಾಸ್ಟಿಕ್ಕಿನ ಮುಂದೆ ಸ್ಟೀಲೂ ಬಹಳ ಚುರುಕು. ನಿಂಬೆರಸವನ್ನೋ ಮಜ್ಜಿಗೆಯನ್ನೋ ಕಟ್ಟಿಸಬೇಕಾದರೆ ಸ್ಟೀಲೇ ಸರಿ, ಹುಳಿ ಸಿಲ್ವರನ್ನು ತಿನ್ನುತ್ತದೆ. ಪ್ಲಾಸ್ಟಿಕ್ಕಿನ ಹಾಗೆ ಫ್ರೀಜರಿನ ಮೀನಿನ ವಾಸನೆ ಹಿಡಿದು ಕೂರುವುದೂ ಇಲ್ಲ. ಅದು ಬರುವ ತನಕ ನನ್ನ ಹೆಂಡತಿ ತೂತಿಲ್ಲದ ಇಡ್ಲಿ ತಟ್ಟೆಯಲ್ಲೇ ಐಸು ಕಟ್ಟಿಸಿದ್ದಳು. ನೀರುಮಜ್ಜಿಗೆಯ ಪಾತ್ರೆಯಲ್ಲಿ ಇಡ್ಲಿ ತೇಲಿದ್ದು ಕಂಡು ಬಂದವರು ಬೆರಗಾದರು. ಪ್ಲಾಸ್ಟಿಕ್ ಟ್ರೇ ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಅವ್ವನ ತಟ್ಟೆ ಸಿಕ್ಕಿದ್ದು ಪಂಪ್‌ಹೌಸಿನಲ್ಲಿ. ಮೋಟಾರು ಬಿಚ್ಚಿ ಕೂತಿದ್ದಾಗ ವಾಷರು, ನಟ್ಟು ಹುಡುಕಲು ಗೂಡಿಗೆ ಕೈ ಹಾಕಿದರೆ, ಹದಿನಾಲ್ಕು ಮನೆಯಲ್ಲಿ ಹದಿನಾಲ್ಕು ಬಗೆಯ ಬೋಲ್ಟು. ಹಳೆಯ ಫ್ರಿಜ್ಜು ಗುಜರಿಗೆ ಹೋದಾಗ ಅಪ್ಪ ತಟ್ಟೆಯನ್ನು ಉಳಿಸಿಕೊಂಡಿದ್ದರು. ಆಲದ ಹಾಲಿನಂತೆ ಗ್ರೀಸು ಮೆತ್ತಿ ಗಟ್ಟಿಯಾಗಿತ್ತು. ಬಿಸಿನೀರು, ಸೋಪಿನಪುಡಿ, ಆಮೇಲೆ ಹುಣಸೆಹಣ್ಣು ಹಾಕಿ ಎರಡು ದಿನ ತಿಕ್ಕಿದೆ. ಬೋರ್‌ವೆಲ್ ನೀರಿನ ಸುಣ್ಣ ತಳದಲ್ಲಿ ಬಿಳಿಯಾಗಿ ಕಟ್ಟಿತ್ತು, ಅದೂ ಹುಣಸೆಗೆ ಬಿಟ್ಟಿತು. ತಟ್ಟೆ ಬೋರಲು ಹಾಕಿ ಬೆರಳಾಡಿಸಿದರೆ ಚುಕ್ಕಿಗಳೆಲ್ಲ ಇದ್ದವು.

ಬೇಸಿಗೆ ರಜಕ್ಕೆ ಅಣ್ಣನ ಮೊಮ್ಮಗ ಬಂದಿದ್ದ. ಈ ವರ್ಷ ಒಂದನೇ ಕ್ಲಾಸು ಮುಗಿಸಿದ್ದಾನೆ, ಕಾಗುಣಿತ ಹೊಸದು, ಬಸ್ಸಿನ ಬೋರ್ಡು, ಗೊಬ್ಬರದ ಚೀಲ ಏನು ಕಂಡರೂ ಕೂಡಿಸಿ ಓದುತ್ತಾನೆ. ಅವನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿ, ಎಡಗೈಯಲ್ಲಿ ತಟ್ಟೆ ಒತ್ತಿ, ಚಿಲಕವನ್ನು ಅವನ ಕೈಯಿಂದಲೇ ಎತ್ತಿಸಿದೆ. ಕಟಕಟಕಟ. ಹೆಂಡತಿ ಬಂದು ನೋಡಿ, ನಕ್ಕು, ಪಾನಕದ ಪಾತ್ರೆ ತಂದು ಪಕ್ಕದಲ್ಲಿಟ್ಟಳು. ಹುಡುಗ ಗಡ್ಡೆಗಳನ್ನು ಒಂದೊಂದೇ ಮಗುಚಿ ನೋಡಿದ. 'ಬಾ' ಸಿಕ್ಕಿತು. 'ರು' ಸಿಕ್ಕಿತು. ಉಳಿದ ಎರಡನ್ನು ಅತ್ತ ಇತ್ತ ತಿರುಗಿಸಿ, "ಚಿಕ್ಕತಾತ, ಇದು ಒಡೆದೋಗಿದೆ," ಅಂದ.

"ಒಡೆದಿಲ್ಲ ಕಂದ, ಅವೆರಡೂ ಸೇರಿದರೆ ಒಂದಕ್ಷರ," ಅಂದೆ.

ಅವನು ಎರಡನ್ನೂ ಮುಖಕ್ಕೆ ಮುಖ ಕೂಡಿಸಿ, ತುಟಿ ಕಚ್ಚಿಕೊಂಡು, ಕೈ ಕೊರೆಯುತ್ತಿದ್ದರೂ ಬಿಡದೆ ಒತ್ತಿ ಹಿಡಿದ. ನೀರು ಅವನ ಮೊಣಕೈವರೆಗೂ ಇಳಿಯಿತು. "ಸಾಕು ಬಿಡೋ, ಕೈ ಸೆಟೆದುಕೊಂಡಾವು," ಅಂದಳು ಹೆಂಡತಿ. ಬಿಟ್ಟ. ಗಡ್ಡೆಗಳು ಬಿಡಲಿಲ್ಲ, ಬೆಸೆದುಕೊಂಡಿದ್ದವು. ನಾಲ್ಕು ದಶಕದಲ್ಲಿ ನಮ್ಮಲ್ಲಿ ಒಬ್ಬರೂ ಮಾಡಿ ನೋಡದ್ದನ್ನು ಅವನು ಅಂಗೈ ಮೇಲಿಟ್ಟುಕೊಂಡು ಬೆಳಕಿಗೆ ಹಿಡಿದು, ಕರಗಿ ದುಂಡಗಾಗುತ್ತಿದ್ದ ಚುಕ್ಕಿಗಳ ಮೇಲೆ ಬೆರಳಿಟ್ಟು ಓದಿದ:

"ಗೂ."